‘ಮಂಗನಿಂದ ಮಾನವ’ ಎಂದು ಶುರುಮಾಡಬೇಡಿ: ಜೀವವಿಕಾಸದ ಪಾಠ ಮಾಡುವವರಿಗೆ

ಜೀವವಿಕಾಸದ ಪಾಠ ತೆಗೆದುಕೊಂಡ ಮೊದಲ ವರ್ಷ ಬೋರ್ಡಿನ ಮೇಲೆ ಆ ಪ್ರಸಿದ್ಧ ಚಿತ್ರ ಬರೆದೆ. ಎಡತುದಿಯಲ್ಲಿ ಬಗ್ಗಿ ನಡೆಯುವ ಮಂಗ, ಬಲತುದಿಯಲ್ಲಿ ನೆಟ್ಟಗೆ ನಿಂತ ಮನುಷ್ಯ, ನಡುವೆ ಮೂರ್ನಾಲ್ಕು ಮಂದಿ. ಚಿತ್ರ ಮುಗಿಯುವ ಮೊದಲೇ ಹಿಂದಿನ ಬೆಂಚಿನಲ್ಲಿ ನಗು, ಮುಂದಿನ ಬೆಂಚಿನಲ್ಲಿ ಎತ್ತಿದ ಕೈ. “ಮಿಸ್, ಹಾಗಾದ್ರೆ ದೇವರು ಸುಳ್ಳಾ?” ಆವತ್ತು ಉಳಿದ ಪೀರಿಯಡ್ಡಿನಲ್ಲಿ ಜೀವಶಾಸ್ತ್ರ ನಡೆಯಲೇ ಇಲ್ಲ. ಮರುದಿನ ಇಬ್ಬರು ಪೋಷಕರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

ತಮಾಷೆಯೆಂದರೆ, ಚಿತ್ರವೇ ತಪ್ಪು. ಜೀವವಿಕಾಸ ಏಣಿಯಲ್ಲ, ಕವಲೊಡೆಯುವ ಮರ. ಈಗಿನ ಯಾವ ಮಂಗವೂ ನಮ್ಮ ಅಜ್ಜನಲ್ಲ. ತಪ್ಪು ಚಿತ್ರ ಬರೆದು, ಅದರಿಂದ ಜಗಳ ಎಬ್ಬಿಸಿ, ಮಕ್ಕಳು ವಿಜ್ಞಾನ ಒಪ್ಪುವುದಿಲ್ಲ ಎಂದು ನಾನೇ ಬೇಜಾರು ಮಾಡಿಕೊಂಡಿದ್ದೆ. ಅಲ್ಲಿಂದೀಚೆಗೆ ಪಾಠದ ಕ್ರಮವನ್ನೇ ಬದಲಿಸಿದ್ದೇನೆ. ಕೆಳಗಿರುವುದು ಆ ಕ್ರಮ.

ಮೊದಲು ನಿಮ್ಮ ಪದಗಳನ್ನು ಸರಿಮಾಡಿಕೊಳ್ಳಿ

ಕನ್ನಡದಲ್ಲಿ ಪಾಠ ಮಾಡುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಾವು ಸಲೀಸಾಗಿ ‘ವಿಕಾಸವಾದ’ ಎನ್ನುತ್ತೇವೆ. ವಾದ ಎಂದ ಮೇಲೆ ಪ್ರತಿವಾದ ಇರಲೇಬೇಕಲ್ಲ. ಮಗು ಅದನ್ನು ಸಮಾಜವಾದ, ಅದ್ವೈತವಾದಗಳ ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ: ಬೇಕಾದವರು ಒಪ್ಪಬಹುದು, ಬೇಡದವರು ಬಿಡಬಹುದು. ನಾನು ಈಗ ಎರಡು ಪದಗಳನ್ನು ಬೇರೆಬೇರೆ ಬಳಸುತ್ತೇನೆ. ಜೀವಿಗಳ ಗುಂಪು ತಲೆಮಾರಿನಿಂದ ತಲೆಮಾರಿಗೆ ಬದಲಾಗುವ ಸಂಗತಿಗೆ ‘ಜೀವವಿಕಾಸ’. ಅದು ಹೇಗೆ ನಡೆಯುತ್ತದೆ ಎಂಬ ಮುಖ್ಯ ವಿವರಣೆಗೆ ‘ನಿಸರ್ಗದ ಆಯ್ಕೆಯ ಸಿದ್ಧಾಂತ’. ‘ಸಿದ್ಧಾಂತ’ ಎಂಬುದು ನಮ್ಮ ಪುಣ್ಯಕ್ಕೆ ಗಟ್ಟಿ ಪದ. ಪರೀಕ್ಷಿಸಿ ನೋಡಿ ನಿಂತದ್ದು ಎಂಬ ಧ್ವನಿ ಅದರಲ್ಲೇ ಇದೆ. “ಅದು ಬರೀ ಥಿಯರಿ” ಎಂದು ಯಾರಾದರೂ ಹೇಳಿದರೆ, ಜೀವಕೋಶ ಸಿದ್ಧಾಂತವೂ ಅದೇ ಸಾಲಿನಲ್ಲಿದೆ ಎಂದು ನೆನಪಿಸಿ.

‘ವಿಕಾಸ’ ಎಂಬ ಪದಕ್ಕೆ ಅರಳುವ, ಮೇಲೇರುವ ವಾಸನೆ ಇದೆ. ಅದನ್ನು ತೊಡೆಯಲು ಒಳ್ಳೆಯ ಉದಾಹರಣೆ ಪೆಸಿಫಿಕ್ ಸಾಗರದ ಗಲಪಗಾಸ್‌ನ ಡ್ಯಾಫ್ನಿ ಮೇಜರ್ ದ್ವೀಪದ್ದು. ಜೀವವಿಜ್ಞಾನಿಗಳಾದ ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ದಶಕಗಟ್ಟಲೆ ಅಲ್ಲಿನ ಫಿಂಚ್ ಹಕ್ಕಿಗಳನ್ನು ಹಿಡಿದು, ಕೊಕ್ಕು ಅಳೆದು ಬಿಟ್ಟರು. 1977ರ ಬರಗಾಲದಲ್ಲಿ ಸಣ್ಣ ಮೆತ್ತನೆಯ ಬೀಜಗಳು ಮುಗಿದು, ದೊಡ್ಡ ಗಟ್ಟಿ ಬೀಜ ಮಾತ್ರ ಉಳಿದವು. ದಪ್ಪ ಕೊಕ್ಕಿನವು ಹೆಚ್ಚಾಗಿ ಬದುಕಿದವು, ಮುಂದಿನ ಪೀಳಿಗೆಯ ಸರಾಸರಿ ಕೊಕ್ಕು ದಪ್ಪವಾಯಿತು. 1983ರಲ್ಲಿ ಭಾರಿ ಮಳೆ ಬಂದು ಸಣ್ಣ ಬೀಜ ಹೇರಳವಾದಾಗ ಗಾಳಿ ಉಲ್ಟಾ ತಿರುಗಿತು, ಸಣ್ಣ ಕೊಕ್ಕಿನವಕ್ಕೆ ಒಳ್ಳೆಯ ಕಾಲ ಬಂತು. ಮೇಲೂ ಇಲ್ಲ, ಕೆಳಗೂ ಇಲ್ಲ.

ಇನ್ನು ‘ನಂಬು’. ತರಗತಿಯ ಮುಕ್ಕಾಲು ಜಗಳ ಈ ಪದದಿಂದ ಹುಟ್ಟುತ್ತದೆ. “ನೀವು ವಿಕಾಸವನ್ನು ನಂಬುತ್ತೀರಾ?” ಎಂದು ಮಕ್ಕಳನ್ನು ಕೇಳಲೇಬೇಡಿ. ಕೇಳಿದ ಕ್ಷಣವೇ ಅದನ್ನು ದೇವರ ಪಕ್ಕದ ಪೀಠದಲ್ಲಿ ಕೂರಿಸಿ, ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದಂತಾಗುತ್ತದೆ. ಹದಿನಾಲ್ಕು ವರ್ಷದ ಹುಡುಗಿ ಯಾರನ್ನು ಆರಿಸುತ್ತಾಳೆಂದು ನನಗೂ ಗೊತ್ತು, ನಿಮಗೂ ಗೊತ್ತು. ‘ಇದಕ್ಕೆ ಪುರಾವೆ ಏನು?’, ‘ಇದರಿಂದ ಏನು ವಿವರಿಸಬಹುದು?’ ಎಂದೇ ಕೇಳುವ ರೂಢಿ ಮಾಡಿಕೊಳ್ಳಿ.

ಪಾಠಕ್ಕೆ ಎರಡು ವಾರ ಮುಂಚೆ

ಪಠ್ಯಕ್ರಮದಲ್ಲಿ ಏನಿದೆ ಎಂಬುದನ್ನು ಮುದ್ರಿತ ಪ್ರತಿಯಲ್ಲಿ ಓದಿ, ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಪ್ರಸಂಗ ಬಂದಾಗ “ಇದು ನನ್ನ ಅಭಿಪ್ರಾಯವಲ್ಲ, ಪಠ್ಯಕ್ರಮ” ಎಂದು ತೋರಿಸಲು ಬೇಕಾಗುತ್ತದೆ. ಪಠ್ಯಗಳು ಬದಲಾಗುತ್ತಲೂ ಇರುತ್ತವೆ. ಟರ್ಕಿ 2017ರಲ್ಲಿ ಒಂಬತ್ತನೇ ತರಗತಿಯ ಪಾಠದಿಂದ ಜೀವವಿಕಾಸವನ್ನು ಕೈಬಿಟ್ಟಿತು. ಭಾರತದಲ್ಲಿ ಎನ್‌ಸಿಇಆರ್‌ಟಿ ಹೊರೆ ಇಳಿಸುವ ಕಾರಣ ಕೊಟ್ಟು ಹತ್ತನೇ ತರಗತಿಯ ಅಧ್ಯಾಯದಿಂದ ವಿಕಾಸದ ಭಾಗವನ್ನು ತೆಗೆದಾಗ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ವಿರೋಧಿಸಿ ಪತ್ರಕ್ಕೆ ಸಹಿ ಹಾಕಿದರು.

ಮುಖ್ಯೋಪಾಧ್ಯಾಯರಿಗೆ ಬಾಯಿಮಾತಿನಲ್ಲಾದರೂ ವಿಷಯ ತಿಳಿಸಿ. ದೂರು ಮೊದಲು ಬರುವುದು ಅವರ ಮೇಜಿಗೇ. ಹೊರಗಿನವರಿಂದ ಸುದ್ದಿ ತಿಳಿದ ಮುಖ್ಯೋಪಾಧ್ಯಾಯರು ನಿಮ್ಮ ಬೆನ್ನಿಗೆ ನಿಲ್ಲುವುದು ಕಷ್ಟ.

ಬಹಳ ಶಿಕ್ಷಕರು ಇಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಪಾಠವನ್ನು ಮಾರ್ಚ್‌ಗೆ ತಳ್ಳಿ, “ನೀವೇ ಓದಿಕೊಳ್ಳಿ” ಎಂದುಬಿಡುತ್ತಾರೆ. ಬೈಯುವುದಿಲ್ಲ, ನಾನೂ ಒಂದು ವರ್ಷ ಹಾಗೇ ಮಾಡಿದವಳು. ಅಮೆರಿಕದ ಪ್ರೌಢಶಾಲಾ ಜೀವಶಾಸ್ತ್ರ ಶಿಕ್ಷಕರ ಸಮೀಕ್ಷೆಯೊಂದು 2011ರಲ್ಲಿ ಪ್ರಕಟವಾಯಿತು. ಜೀವವಿಕಾಸವನ್ನು ನೇರವಾಗಿ, ಗಟ್ಟಿಯಾಗಿ ಕಲಿಸುವವರು ಶೇಕಡಾ 28ರಷ್ಟು, ಸೃಷ್ಟಿವಾದದ ಪರ ನಿಂತವರು ಶೇಕಡಾ 13ರಷ್ಟು. ಉಳಿದ ಸುಮಾರು ಶೇಕಡಾ 60 ಮಂದಿ ಯಾರ ತಂಟೆಯೂ ಬೇಡವೆಂದು ನಡುವೆ ತೇಲಿಸಿದವರು. 1925ರ ಸ್ಕೋಪ್ಸ್ ವಿಚಾರಣೆಯ ಕಥೆಯೂ ಅಂಥದ್ದೇ. ಅಮೆರಿಕದ ಟೆನೆಸಿ ರಾಜ್ಯದ ಡೇಟನ್ ಊರಿನಲ್ಲಿ, ಕಾಯ್ದೆ ನಿಷೇಧಿಸಿದ್ದರೂ ವಿಕಾಸ ಕಲಿಸಿದ್ದಕ್ಕೆ ಸ್ಕೋಪ್ಸ್ ಎಂಬ ಶಿಕ್ಷಕನಿಗೆ 100 ಡಾಲರ್ ದಂಡ ಬಿತ್ತು, ಜಗತ್ತು ನಕ್ಕಿತು. ಆದರೆ ಆಮೇಲಿನ ವರ್ಷಗಳಲ್ಲಿ ಪ್ರಕಾಶಕರು ಪಠ್ಯಪುಸ್ತಕಗಳಲ್ಲಿ ಈ ವಿಷಯವನ್ನು ಸದ್ದಿಲ್ಲದೆ ತೆಳುಮಾಡಿದರು, ಆ ಕಾಯ್ದೆ ರದ್ದಾಗಲು 1967 ಬರಬೇಕಾಯಿತು.

ಮೊದಲ ದಿನದ ಹತ್ತು ನಿಮಿಷ

ಪುಸ್ತಕ ತೆರೆಸುವ ಮೊದಲು ನಾನು ಹೇಳುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಮುಂದಿನ ಎರಡು ವಾರ ನಾವು ಕಲಿಯೋದು ನಿಮ್ಮಲ್ಲಿ ಕೆಲವರ ಮನೆಯಲ್ಲಿ ಹೇಳೋದಕ್ಕಿಂತ ಬೇರೆ ಇರಬಹುದು. ನಿಮ್ಮ ನಂಬಿಕೆ ಬದಲಾಯಿಸೋದು ನನ್ನ ಕೆಲಸ ಅಲ್ಲ, ಅದಕ್ಕೆ ಮಾರ್ಕ್ಸೂ ಇಲ್ಲ. ವಿಜ್ಞಾನಿಗಳು ಏನು ಹೇಳ್ತಾರೆ, ಯಾವ ಪುರಾವೆ ಮೇಲೆ ಹೇಳ್ತಾರೆ ಅನ್ನೋದು ನಿಮಗೆ ಚೆನ್ನಾಗಿ ಅರ್ಥ ಆಗಬೇಕು. ಅರ್ಥ ಆಗಿದೆಯಾ ಅಂತ ಪರೀಕ್ಷೆ ಮಾಡ್ತೀನಿ. ಯಾವ ಪ್ರಶ್ನೆ ಬೇಕಾದರೂ ಕೇಳಿ. ಆದರೆ ಯಾರ ದೇವರನ್ನೂ, ಯಾರ ಮನೆಯವರನ್ನೂ ಈ ಕೋಣೆಯಲ್ಲಿ ಯಾರೂ ನಗೆ ಮಾಡೋ ಹಾಗಿಲ್ಲ.”

ಕೊನೆಯ ಸಾಲು ನಂಬುವ ಮಕ್ಕಳನ್ನು ಕಾಪಾಡಲು ಮಾತ್ರವಲ್ಲ. ಒಂದು ತರಗತಿಯಲ್ಲಿ ‘ನಾನು ಏನನ್ನೂ ನಂಬಲ್ಲ’ ಎಂದ ಹುಡುಗನನ್ನು ಉಳಿದವರೆಲ್ಲ ಸೇರಿ ಹುರಿದು ಮುಕ್ಕಿದ್ದರು. ನಿಯಮ ಎರಡೂ ಕಡೆಗೆ.

ಆ ಹತ್ತು ನಿಮಿಷದಲ್ಲೇ ಬೋರ್ಡಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಅಳೆದು, ಅಗೆದು, ಪ್ರಯೋಗ ಮಾಡಿ ಉತ್ತರಿಸಬಹುದಾದ ಪ್ರಶ್ನೆಗಳು, ಬಲಕ್ಕೆ ಉಳಿದವು. ‘ಪಕ್ಷಿಗಳ ಪೂರ್ವಜರು ಯಾರು?’ ಎಡಕ್ಕೆ. ‘ಜೀವನಕ್ಕೆ ಉದ್ದೇಶ ಇದೆಯೇ?’ ಬಲಕ್ಕೆ. ‘ದೇವರು ಇದ್ದಾನೆಯೇ?’ ಬಲಕ್ಕೆ. ‘ಭೂಮಿಗೆ ಎಷ್ಟು ವಯಸ್ಸು?’ ಇದನ್ನು ಮಕ್ಕಳೇ ಚರ್ಚಿಸಿ ಎಡಕ್ಕೆ ತರಬೇಕು, ನೀವು ತರಬೇಡಿ. ಬಲಗಡೆಯ ಪ್ರಶ್ನೆಗಳು ಕೀಳೆಂದಲ್ಲ. ಜೀವಶಾಸ್ತ್ರದ ಪೀರಿಯಡ್ಡಿಗೆ ಅವಕ್ಕೆ ಉತ್ತರಿಸುವ ಸಲಕರಣೆ ಇಲ್ಲ, ಅಷ್ಟೇ.

ಕಾಗದದ ಚುಕ್ಕಿಗಳು

ಕ್ರಮ ಹೀಗಿರಲಿ: ಮೊದಲು ಭಿನ್ನತೆ, ಆಮೇಲೆ ಅನುವಂಶೀಯತೆ, ಆಮೇಲೆ ಆಯ್ಕೆ, ಆಮೇಲೆ ಅಗಾಧ ಕಾಲ, ಆಮೇಲೆ ಸಾಮಾನ್ಯ ಪೂರ್ವಜ, ಕಡೆಗೆ ಮನುಷ್ಯ. ಮೊದಲ ಮೂರರ ಬಗ್ಗೆ ಯಾವ ಮನೆಯಲ್ಲೂ ತಕರಾರಿಲ್ಲ. ಮಕ್ಕಳು ತಂದೆತಾಯಿಯನ್ನು ಹೋಲುತ್ತಾರೆ, ಆದರೆ ಎಲ್ಲರೂ ಒಂದೇ ತರಹ ಇರುವುದಿಲ್ಲ ಎಂಬುದನ್ನು ಯಾರು ಅಲ್ಲಗಳೆಯುತ್ತಾರೆ? ಯಂತ್ರದ ಬಿಡಿಭಾಗಗಳನ್ನು ಒಪ್ಪಿದ ಮೇಲೆ ಯಂತ್ರ ಹೇಗೆ ಓಡುತ್ತದೆಂದು ತಾನಾಗಿ ಕಾಣತೊಡಗುತ್ತದೆ.

ಆಯ್ಕೆಗೆ ಪಂಚಿಂಗ್ ಯಂತ್ರ, ಬಣ್ಣದ ಕಾಗದ, ಹಳೆಯ ದಿನಪತ್ರಿಕೆ ಸಾಕು. ಕೆಂಪು, ಹಸಿರು, ನೀಲಿ, ಕಪ್ಪು, ಜತೆಗೆ ದಿನಪತ್ರಿಕೆಯದ್ದೇ ಕಾಗದ, ಹೀಗೆ ಐದು ಬಗೆಯ ಚುಕ್ಕಿಗಳನ್ನು ತಲಾ 20ರಂತೆ, ಒಟ್ಟು 100 ಕತ್ತರಿಸಿ. ಮೇಜಿನ ಮೇಲೆ ದಿನಪತ್ರಿಕೆ ಹಾಸಿ, ಚುಕ್ಕಿಗಳನ್ನು ಎರಚಿ. ನಾಲ್ವರು ಮಕ್ಕಳು ಹಕ್ಕಿಗಳು. ಬೆನ್ನು ಮಾಡಿ ನಿಲ್ಲಬೇಕು, ತಿರುಗಿದ ಕೂಡಲೇ ಕಣ್ಣಿಗೆ ಬಿದ್ದ ಮೊದಲ ಚುಕ್ಕಿ ಹೆಕ್ಕಬೇಕು, ಮತ್ತೆ ಬೆನ್ನು ಮಾಡಬೇಕು. 75 ಚುಕ್ಕಿ ತಿಂದು ಮುಗಿಸಿದಾಗ ನಿಲ್ಲಿಸಿ. ಉಳಿದ 25ರಲ್ಲಿ ಪ್ರತಿಯೊಂದಕ್ಕೂ ಅದೇ ಬಣ್ಣದ ಮೂರು ಮರಿ ಸೇರಿಸಿ. ಮತ್ತೆ 100. ಹೀಗೆ ಮೂರು ತಲೆಮಾರು. ಪ್ರತಿ ಸಲವೂ ಯಾವ ಬಣ್ಣ ಎಷ್ಟಿದೆ ಎಂದು ಬೋರ್ಡಿನ ಕೋಷ್ಟಕದಲ್ಲಿ ಬರೆಸಿ.

ಮೂರನೇ ಸುತ್ತಿನ ಹೊತ್ತಿಗೆ ಮೇಜಿನ ಮೇಲೆ ದಿನಪತ್ರಿಕೆಯ ಚುಕ್ಕಿಗಳೇ ತುಂಬಿಕೊಳ್ಳುತ್ತವೆ. ಆಗ ಕೇಳಿ: “ಏನಾಯ್ತು?” ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: “ಚುಕ್ಕಿಗಳು ಬಚ್ಚಿಟ್ಟುಕೊಳ್ಳೋದು ಕಲಿತವು ಮಿಸ್.” ಈ ತಪ್ಪಿಗಾಗಿಯೇ ನೀವು ಕಾಯುತ್ತಿದ್ದಿರಿ, ಅವಸರದಿಂದ ತಿದ್ದಬೇಡಿ. ಒಂದು ಚುಕ್ಕಿಯನ್ನು ಕೈಗೆ ಕೊಟ್ಟು, ಇದು ಬಣ್ಣ ಬದಲಿಸಿತಾ ಎಂದು ಕೇಳಿ. ಇಲ್ಲ. ಹಾಗಾದರೆ ಬದಲಾದದ್ದು ಯಾವುದು? ಸ್ವಲ್ಪ ಹೊತ್ತು ಮೌನ. ಆಮೇಲೆ ಯಾರೋ ಮೆಲ್ಲಗೆ: “ಗುಂಪು.” ಇಡೀ ಅಧ್ಯಾಯದಲ್ಲಿ ನನಗೆ ಬೇಕಾದ ಪದ ಅದೊಂದೇ. ಒಂಟಿ ಜೀವಿ ಬದಲಾಗುವುದಿಲ್ಲ, ಗುಂಪು ಬದಲಾಗುತ್ತದೆ.

ಈಗ ಅದೇ ಚುಕ್ಕಿಗಳನ್ನು ಕೆಂಪು ಬಟ್ಟೆಯ ಮೇಲೆ ಎರಚಿ. ನಿನ್ನೆಯ ವೀರರು ಇವತ್ತಿನ ತುತ್ತು.

ಇದಾದ ತಕ್ಷಣ ಬ್ಯಾಕ್ಟೀರಿಯಾಕ್ಕೆ ಹೋಗಿ, ಏಕೆಂದರೆ ಇದೇ ಆಟ ನಮ್ಮ ಮೈಯೊಳಗೆ ನಡೆಯುತ್ತಿದೆ. ಅರೆಬರೆ ಪ್ರಮಾಣದ ಪೆನಿಸಿಲಿನ್, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಹುಟ್ಟಿಸುತ್ತದೆ ಎಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ವೈದ್ಯರು ಬರೆದುಕೊಟ್ಟ ಆ್ಯಂಟಿಬಯೋಟಿಕ್ ಗುಳಿಗೆಯನ್ನು ಮನಸ್ಸಿಗೆ ಬಂದಂತೆ ನುಂಗಬಾರದೇಕೆ ಎಂಬುದು ಜೀವವಿಕಾಸದ ಪ್ರಶ್ನೆ ಎಂದಾಗ, ಪಾಠ ಬೇಡವೆನ್ನುವ ಪೋಷಕರೂ ಕಿವಿಗೊಡುತ್ತಾರೆ.

ಮನುಷ್ಯನನ್ನು ಕಡೆಗೆ ತನ್ನಿ, ಆದರೆ ಬಿಡಬೇಡಿ

‘ಪ್ರಾಣಿಗಳದ್ದೆಲ್ಲ ಹೇಳಿ ಮನುಷ್ಯನ ವಿಷಯ ಬಿಟ್ಟುಬಿಡೋಣ’ ಎಂಬ ಆಸೆ ಬರುತ್ತದೆ. ಬಿಟ್ಟರೆ ಮಕ್ಕಳು ಆ ಖಾಲಿ ಜಾಗವನ್ನು ಗಮನಿಸುತ್ತಾರೆ, ಏನೋ ಮುಚ್ಚಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ನಾನು ಶುರುಮಾಡುವುದು ಅವರ ಕೈಯಿಂದಲೇ. ಅಂಗೈ ಮೇಲೆ ಮಾಡಿ, ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ದಾರದಂತೆ ಎದ್ದುನಿಲ್ಲುವ ಸ್ನಾಯುರಜ್ಜು ಕಾಣುತ್ತದೆಯೇ? ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನದ್ದು. ಹಲವರಲ್ಲಿ ಇರುತ್ತದೆ, ಕೆಲವರಲ್ಲಿ ಒಂದೇ ಕೈಯಲ್ಲಿ, ಇನ್ನು ಕೆಲವರಲ್ಲಿ ಎರಡರಲ್ಲೂ ಇರುವುದಿಲ್ಲ. ಇಲ್ಲದವರ ಹಿಡಿತಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಶಸ್ತ್ರವೈದ್ಯರು ಇದನ್ನು ತೆಗೆದು ಬೇರೆಡೆ ಕಸಿ ಮಾಡುವುದೂ ಉಂಟು. ಮರದ ಮೇಲೆ ಬದುಕುವ ಲೀಮರ್‌ನಂಥ ಪ್ರಾಣಿಗಳಲ್ಲಿ ಅದೇ ಸ್ನಾಯು ಚೆನ್ನಾಗಿ ಬೆಳೆದಿರುತ್ತದೆ. ಐದು ನಿಮಿಷ ತರಗತಿಯೆಲ್ಲ ಕೈ ತಿರುಗಿಸಿ ನೋಡಿಕೊಳ್ಳುತ್ತದೆ. (ಇಲ್ಲದವರು ‘ನಾವು ಹೆಚ್ಚು ವಿಕಾಸ ಹೊಂದಿದವರು’ ಎಂದು ಬೀಗಲು ಬರುತ್ತಾರೆ. ಕೆಂಪು ಬಟ್ಟೆಯ ನೆನಪು ಮಾಡಿ.)

ಆಮೇಲೆ ವರ್ಣತಂತುಗಳು, ಅಂದರೆ ಜೀವಕೋಶದೊಳಗೆ ಡಿಎನ್‌ಎ ಹೊತ್ತಿರುವ ಎಳೆಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ, ನಮಗೆ 23. ಸಾಮಾನ್ಯ ಪೂರ್ವಜನಿಂದ ಬಂದವರಾದರೆ ಒಂದು ಜೊತೆ ಎಲ್ಲಿ ಹೋಯಿತು? ಎರಡು ವರ್ಣತಂತುಗಳು ಬೆಸೆದುಕೊಂಡಿರಬೇಕು ಎಂಬುದು ಊಹೆ. ನಿಜವಾಗಿದ್ದರೆ ಬೆಸುಗೆಯ ಗುರುತು ಸಿಗಬೇಕು. ಸಾಮಾನ್ಯವಾಗಿ ವರ್ಣತಂತುವಿನ ತುದಿಯಲ್ಲಿ ಇರುವ ವಿಶಿಷ್ಟ ಡಿಎನ್‌ಎ ಸಾಲು ಎಲ್ಲೋ ಒಂದರ ನಡುವೆ ಕಾಣಬೇಕು. 1991ರಲ್ಲಿ ನಮ್ಮ ಎರಡನೇ ವರ್ಣತಂತುವಿನ ನಡುವೆ ಅದು ಸಿಕ್ಕಿತು, ಎರಡು ತುದಿಗಳು ಎದುರುಬದುರಾಗಿ ಅಂಟಿಕೊಂಡಂತೆ.

ಬರುವ ಪ್ರಶ್ನೆಗಳು

“ನಾವು ಮಂಗನಿಂದ ಬಂದಿದ್ದರೆ ಈಗಲೂ ಮಂಗ ಯಾಕಿದೆ?” ಇದಕ್ಕೆ ಮರುಪ್ರಶ್ನೆಯೇ ಮದ್ದು: ನಿನ್ನ ಚಿಕ್ಕಪ್ಪನ ಮಗ ನಿನ್ನ ಅಪ್ಪನಾ? ನಿಮ್ಮಿಬ್ಬರಿಗೂ ಅಜ್ಜ ಒಬ್ಬರೇ. ಚಿಂಪಾಂಜಿ ಮತ್ತು ನಾವು ಬೇರೆಯಾದದ್ದು ಸುಮಾರು 60-70 ಲಕ್ಷ ವರ್ಷಗಳ ಹಿಂದೆ.

“ಯಾರು ಕಣ್ಣಾರೆ ನೋಡಿದ್ದಾರೆ?” ಈ ಪ್ರಶ್ನೆ ಕೇಳಿದವರನ್ನು ಹೊಗಳಿ, ಒಳ್ಳೆಯ ಪ್ರಶ್ನೆ. ಫಿಂಚ್‌ಗಳಲ್ಲಿ ನೋಡಿದ್ದಾರೆ. ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ 12 ಸೀಸೆಗಳಲ್ಲಿ ಶುರುಮಾಡಿದ ಬ್ಯಾಕ್ಟೀರಿಯಾ ಪ್ರಯೋಗದಲ್ಲಿ ಹತ್ತಾರು ಸಾವಿರ ತಲೆಮಾರುಗಳ ಮೇಲೆ ನೋಡಿದ್ದಾರೆ. ಯಾರೂ ನೋಡದ ಕಾಲದ್ದಾದರೆ, ಟಿಕ್ಟಾಲಿಕ್ ಎಂಬ ಪಳೆಯುಳಿಕೆಯ ಕಥೆ ಹೇಳಿ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿ ಇದ್ದಿದ್ದರೆ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಯಲ್ಲಿ ಸಿಗಬೇಕು ಎಂದು ಲೆಕ್ಕ ಹಾಕಿ, ನೀಲ್ ಶುಬಿನ್ ಮತ್ತು ಸಂಗಡಿಗರು ಅಂಥ ಬಂಡೆಗಳಿರುವ ಜಾಗ ಹುಡುಕಿದರು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಅಗೆದು 2004ರಲ್ಲಿ ಪಡೆದರು: ಹುರುಪೆ, ಈಜುರೆಕ್ಕೆ ಮೀನಿನದು, ಕತ್ತು ಮಾತ್ರ ಮೀನಿಗಿಲ್ಲದ್ದು, ಈಜುರೆಕ್ಕೆಯೊಳಗೆ ತೋಳಿನ ಮೂಳೆಗಳು. ಅಗೆಯುವ ಮುಂಚೆಯೇ ಎಲ್ಲಿ ಅಗೆಯಬೇಕೆಂದು ಹೇಳಬಲ್ಲ ವಿವರಣೆಗೆ ಎಷ್ಟು ತೂಕ ಕೊಡಬೇಕೆಂದು ಮಕ್ಕಳೇ ತೀರ್ಮಾನಿಸಲಿ.

“ಎರಡೂ ಕಡೆ ಹೇಳಿ ಮಿಸ್, ನಾವೇ ಆರಿಸ್ತೀವಿ.” ಕೇಳಲು ನ್ಯಾಯವಾಗಿದೆ. ಆದರೆ ವಿಜ್ಞಾನದ ತರಗತಿಯಲ್ಲಿ ಎರಡನೇ ಕಡೆಯಾಗಲು ಎರಡನೇ ಪುರಾವೆಯ ರಾಶಿ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿ, ಜೀವಿಗಳನ್ನು ಯಾವುದೋ ಬುದ್ಧಿಶಾಲಿ ಶಕ್ತಿ ರೂಪಿಸಿತು ಎನ್ನುವ ‘ಬುದ್ಧಿವಂತ ವಿನ್ಯಾಸ’ವನ್ನು ಹೀಗೇ ಒಳತರಲು ಹೊರಟಿತು. ಅಲ್ಲಿನ ಜೀವಶಾಸ್ತ್ರ ಶಿಕ್ಷಕರು ಅದರ ಬಗ್ಗೆ ಮಂಡಳಿ ಕೊಟ್ಟ ಹೇಳಿಕೆಯನ್ನು ತರಗತಿಯಲ್ಲಿ ಓದಲು ಒಪ್ಪದೆ, ಕೊನೆಗೆ ಆಡಳಿತದವರೇ ಬಂದು ಓದಿದರು. ಅದು ವಿಜ್ಞಾನವಲ್ಲ ಎಂದು 2005ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಮಕ್ಕಳಿಗೆ ಚರ್ಚಾಸ್ಪರ್ಧೆ ಇಟ್ಟು ಕೈಯೆತ್ತಿಸಿ ಮತ ಹಾಕಿಸುವ ಶಿಕ್ಷಕರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಬಹುಮತದಿಂದ ಪಳೆಯುಳಿಕೆಯ ವಯಸ್ಸು ಬದಲಾಗುವುದಿಲ್ಲ.

“ನೀವು ದೇವರನ್ನ ನಂಬ್ತೀರಾ?” ನಾನು ಉತ್ತರಿಸುವುದಿಲ್ಲ. ಹೌದೆಂದರೂ ಇಲ್ಲವೆಂದರೂ ತರಗತಿಯ ಅರ್ಧ ಭಾಗ ಆಮೇಲೆ ಪಾಠವನ್ನು ಆ ಕನ್ನಡಕದಿಂದಲೇ ನೋಡುತ್ತದೆ. “ಅದು ಗೆರೆಯ ಬಲಗಡೆಯ ಪ್ರಶ್ನೆ” ಎನ್ನುತ್ತೇನೆ, ನಗುತ್ತಾರೆ.

ನಂಬುವ ವಿಜ್ಞಾನಿಗಳನ್ನು ಪರಿಚಯಿಸಿ, ಆದರೆ ಹುಸಿ ಸಮಾಧಾನ ಬೇಡ

ವಿಕಾಸ ಒಪ್ಪಿದರೆ ಧರ್ಮ ಬಿಡಬೇಕು ಎಂಬ ಭಯ ಮಗುವಿನ ಕಿವಿಯನ್ನೇ ಮುಚ್ಚುತ್ತದೆ. ಆ ಭಯಕ್ಕೆ ಮನುಷ್ಯರ ಮುಖಗಳೇ ಉತ್ತರ. ಆಧುನಿಕ ವಿಕಾಸ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ಥಿಯೊಡೋಸಿಯಸ್ ಡೊಬ್ಜಾನ್ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರು. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ತಮ್ಮ ಕ್ರೈಸ್ತ ನಂಬಿಕೆಯ ಬಗ್ಗೆ ಬಹಿರಂಗವಾಗಿ ಬರೆದವರು. ಜೋರ್ಡಾನ್‌ನ ಜೀವವಿಜ್ಞಾನಿ ರಾನಾ ದಜಾನಿ ಹಿಜಾಬ್ ಧರಿಸಿಯೇ ಮುಸ್ಲಿಂ ವಿದ್ಯಾರ್ಥಿಗಳಿಗೆ ವಿಕಾಸ ಕಲಿಸುತ್ತಾರೆ. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸ ಸಿದ್ಧಾಂತ ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿಕೊಂಡರು.

ಹಾಗೆಂದು “ಧರ್ಮಕ್ಕೂ ಇದಕ್ಕೂ ಏನೂ ತಿಕ್ಕಾಟವಿಲ್ಲ” ಎಂದು ಬೆನ್ನು ತಟ್ಟಿ ಕಳಿಸಬೇಡಿ. ಭೂಮಿಗೆ ಆರು ಸಾವಿರ ವರ್ಷ ಎಂದು ಅಕ್ಷರಶಃ ನಂಬುವ ಮನೆಯ ಮಗುವಿಗೆ ತಿಕ್ಕಾಟ ನಿಜವಾಗಿಯೂ ಇದೆ, ಏಕೆಂದರೆ ವಿಜ್ಞಾನದ ಲೆಕ್ಕ ಸುಮಾರು 454 ಕೋಟಿ. ಇಲ್ಲವೆಂದರೆ ಸುಳ್ಳು, ಮಗುವಿಗೆ ಗೊತ್ತಾಗುತ್ತದೆ. “ಇಲ್ಲಿ ಎರಡು ಮಾತು ಬೇರೆ ಇವೆ, ಅದನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ನೀನೇ ನಿಧಾನವಾಗಿ ಯೋಚಿಸು” ಎನ್ನುವುದು ಕಷ್ಟ, ಆದರೆ ಪ್ರಾಮಾಣಿಕ.

ವಿರೋಧಿಸುವವರಿಗಿಂತ ನನ್ನನ್ನು ಹೆಚ್ಚು ಕಾಡಿದವರು ಒಪ್ಪಿಕೊಂಡು ಬರುವವರು. “ಇದೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇದೆ ಮೇಡಂ!” ಸುಲಭವಾಗಿ ತಲೆಯಾಡಿಸಿಬಿಡಬಹುದು, ಪಾಠ ಸಲೀಸಾಗಿ ಸಾಗುತ್ತದೆ. ಆದರೆ ತಲೆಯಾಡಿಸಿದ ದಿನವೇ ಪುರಾವೆಯ ಜಾಗದಲ್ಲಿ ಗ್ರಂಥ ಕೂತಂತೆ. ಮುಂದಿನ ಸಲ ಗ್ರಂಥ ಬೇರೆ ಮಾತು ಹೇಳಿದಾಗ ಯಾವ ಬಾಯಿಂದ ಬೇಡವೆನ್ನುತ್ತೀರಿ? ಚುಕ್ಕಿಗಳ ಕೋಷ್ಟಕ ತೋರಿಸಿ, ಭಿನ್ನತೆ, ಅನುವಂಶೀಯತೆ, ಆಯ್ಕೆ ಈ ಮೂರೂ ಗ್ರಂಥದ ಆ ಸಾಲಿನಲ್ಲಿ ಇವೆಯೇ ಎಂದು ವಿನಯದಿಂದ ಕೇಳಿ.

ಪೋಷಕರು ಬಂದಾಗ

ಬಾಗಿಲಲ್ಲಿ ನಿಲ್ಲಿಸಿ ಮಾತಾಡಬೇಡಿ, ಕೂರಿಸಿ. ಮೊದಲ ಐದು ನಿಮಿಷ ಅವರೇ ಮಾತಾಡಲಿ. ಹೆಚ್ಚಿನ ಸಲ ಅವರ ಅಂಜಿಕೆ ಡಾರ್ವಿನ್ ಬಗ್ಗೆ ಇರುವುದೇ ಇಲ್ಲ, ಮಗು ತಮ್ಮ ಕೈತಪ್ಪಿ ಹೋಗುತ್ತಿದೆ ಎಂಬುದರ ಬಗ್ಗೆ. ಪಠ್ಯಕ್ರಮದ ಜೆರಾಕ್ಸ್, ಮೊದಲ ದಿನ ಹೇಳಿದ ಮಾತು, ಪ್ರಶ್ನೆಪತ್ರಿಕೆಯ ಮಾದರಿ ಈ ಮೂರನ್ನೂ ತೋರಿಸಿ. ಪಾಠದಿಂದ ಮಗುವಿಗೆ ವಿನಾಯಿತಿ ಕೇಳಿದರೆ, ಕೊಡುವ ಅಧಿಕಾರ ನನಗಿಲ್ಲ ಎಂದು ನೇರವಾಗಿ ಹೇಳಿ. ಅಲ್ಲಿ ಮೆತ್ತಗಾದರೆ ಮುಂದಿನ ವಾರ ಇನ್ನೂ ಐದು ಮಂದಿ ಬರುತ್ತಾರೆ.

ಪ್ರಶ್ನೆಪತ್ರಿಕೆ

‘ಮನುಷ್ಯ ಹೇಗೆ ಹುಟ್ಟಿದ?’ ಎಂದು ಕೇಳಬೇಡಿ. ‘ನಿಸರ್ಗದ ಆಯ್ಕೆಯ ಸಿದ್ಧಾಂತದ ಪ್ರಕಾರ ಜಿರಾಫೆಯ ಕತ್ತು ಉದ್ದವಾದದ್ದನ್ನು ವಿವರಿಸಿ’ ಎಂದು ಕೇಳಿ. ಮಗು ತನ್ನ ನಂಬಿಕೆ ಮುಟ್ಟದೆ ಉತ್ತರಿಸಬಹುದು, ನೀವೂ ಅದನ್ನು ಮುಟ್ಟದೆ ಅಂಕ ಕೊಡಬಹುದು.

ಒಂದು ವರ್ಷ ಈ ಪ್ರಶ್ನೆಗೆ ಒಬ್ಬ ಹುಡುಗ ಒಂದೂವರೆ ಪುಟ ಬರೆದಿದ್ದ. ಕತ್ತಿನ ಉದ್ದದಲ್ಲಿ ಭಿನ್ನತೆ, ಅದು ಮರಿಗಳಿಗೆ ಇಳಿಯುವುದು, ಯಾರು ಹೆಚ್ಚು ಮರಿ ಬಿಟ್ಟರು, ಗುಂಪು ಹೇಗೆ ಬದಲಾಯಿತು, ಎಲ್ಲ ಅಚ್ಚುಕಟ್ಟು. ಕೊನೆಯ ಸಾಲು: ‘ಇದು ವಿಜ್ಞಾನ ಹೇಳುವುದು. ನಾನು ಒಪ್ಪಿಲ್ಲ.’ ಐದಕ್ಕೆ ಐದು ಕೊಟ್ಟೆ. ಅದೇ ಕಟ್ಟಿನಲ್ಲಿ ಇನ್ನೊಬ್ಬಳು ‘ನಾನು ವಿಕಾಸವನ್ನು ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂದು ಶುರುಮಾಡಿ, ಜಿರಾಫೆ ಎಲೆಗಾಗಿ ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡಿತು ಎಂದು ಬರೆದಿದ್ದಳು. ಒಂದು ಅಂಕ. ಪೇಪರ್ ಹಿಡಿದು ಸ್ಟಾಫ್ ರೂಮಿಗೆ ಬಂದಳು. “ಮಿಸ್, ನಾನು ಒಪ್ಕೊಂಡಿದೀನಲ್ಲ!” ಮೇಜಿನ ಡ್ರಾಯರ್‌ನಲ್ಲಿ ಕಾಗದದ ಚುಕ್ಕಿಗಳ ಡಬ್ಬಿ ಇತ್ತು. ದಿನಪತ್ರಿಕೆ ಹಾಸಿ, ಬೆನ್ನು ಮಾಡಿ ನಿಲ್ಲು ಎಂದೆ.